ಅಪ್ಪಣೆ ಮತ್ತು ಒಪ್ಪಿಗೆ

ಕನ್ನಡದಲ್ಲಿ ‘ಅಪ್ಪಣೆ’ ಎಂಬುದೊಂದು ಪದ, ‘ಒಪ್ಪಿಗೆ’ ಎಂಬುದೊಂದು ಪದ. ನಿತ್ಯದ ಮಾತಿನಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸುವವರುಂಟು. ಅದನ್ನು ಯಾರೂ ಆಕ್ಷೇಪಿಸುವುದಿಲ್ಲ. ಆದರೆ ವಿಚಾರಿಸಿ ನೋಡಿದರೆ ಇವುಗಳ ಹುಟ್ಟೇ ಬೇರೆ. ಅಪ್ಪಣೆಯು ಮೇಲಿನಿಂದ ಇಳಿದು ಬರತಕ್ಕದ್ದು. ಒಪ್ಪಿಗೆಯು ಒಳಗಿನಿಂದ ಮೂಡಿ ಬರತಕ್ಕದ್ದು. ತಂದೆಯು ಮಗನಿಗೆ, ಗುರುವು ಶಿಷ್ಯನಿಗೆ, ಅಧಿಕಾರಿಯು ನೌಕರನಿಗೆ ಅಪ್ಪಣೆ ಕೊಡಬಹುದು. ಅರಿವುಳ್ಳ ಒಬ್ಬನ ಒಪ್ಪಿಗೆಯನ್ನು ಮಾತ್ರ ಅವನ ತಂದೆಯಾಗಲಿ, ಗುರುವಾಗಲಿ, ಅಧಿಕಾರಿಯಾಗಲಿ ಅವನ ಪರವಾಗಿ ಕೊಡಲಾರರು. ಇದು ಕೇವಲ ವೈಯಾಕರಣರ ವಿನೋದವೆಂದು ಯಾರಾದರೂ ಭಾವಿಸಿದ್ದರೆ, ಅವರು ಮುಂದೆ ಹೇಳುವ ಸಂಗತಿಯನ್ನು ಸಾವಧಾನದಿಂದ ಪರಿಶೀಲಿಸಬೇಕೆಂದು ಕೋರುತ್ತೇವೆ.

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿ ಅಡಿಕೆಯ ಸೀಮೆ. ಉಬ್ರಾಣಿ–ಅಮೃತಾಪುರ ಏತ ನೀರಾವರಿಯ ಹೆಸರನ್ನು ಕೇಳದ ರೈತನು ಆ ಭಾಗದಲ್ಲಿಲ್ಲ. ಅಡಿಕೆಯ ಧಾರಣೆಯನ್ನು ವಿಚಾರಿಸದೆ ಬೆಳಗನ್ನು ಆರಂಭಿಸುವ ಮನೆಯೂ ವಿರಳ. ಆ ಸೀಮೆಯ ಸಂಪತ್ತು ನಲವತ್ತು ಐವತ್ತು ಅಡಿ ಎತ್ತರದ ಮರದ ತುದಿಯಲ್ಲಿದೆ. ದೋಟಿಗಳು ಬಂದಿವೆ, ಮರ ಹತ್ತುವ ಯಂತ್ರಗಳೂ ಬಂದಿವೆ. ಆದರೂ ಕಾಲಿಗೆ ತಳೆ ಹಾಕಿಕೊಂಡು ಹತ್ತುವವನು ಇನ್ನೂ ಇದ್ದಾನೆ. ಮಳೆಗೆ ಪಾಚಿ ಹಿಡಿದ ಮರದಿಂದ ಜಾರಿ ಬಿದ್ದವನ ಮುರಿದ ಮೂಳೆಯನ್ನು ಕೂಡಿಸಬಹುದು. ಬೆನ್ನುಮೂಳೆಯ ಒಳಗೆ ಹಾದುಹೋಗುವ ಬೆನ್ನುಹುರಿಯು ಜಜ್ಜಿಹೋದರೆ ಅದನ್ನು ಮೊದಲಿನಂತೆ ಕೂಡಿಸುವ ವಿದ್ಯೆ ಇಂದಿಗೂ ವೈದ್ಯಶಾಸ್ತ್ರದ ಕೈಗೆ ಬಂದಿಲ್ಲ. ಪೆಟ್ಟು ಸೊಂಟದ ಮೇಲ್ಭಾಗದಲ್ಲಾದರೆ ಕಾಲುಗಳು ಹೋಗುತ್ತವೆ, ಕುತ್ತಿಗೆಯಲ್ಲಾದರೆ ಕೈಗಳೂ ಹೋಗುತ್ತವೆ. ಮಲಮೂತ್ರಗಳ ಹತೋಟಿಯೂ ತಪ್ಪುತ್ತದೆ. ಹಳ್ಳಿಗಳಲ್ಲಿ ‘ಲಕ್ವ ಹೊಡೆಯಿತು’ ಎನ್ನುವ ಪಾರ್ಶ್ವವಾಯು ಇದರಿಂದ ಭಿನ್ನವಾದುದು. ಅಲ್ಲಿ ಪೆಟ್ಟು ಬೀಳುವುದು ಮೆದುಳಿಗೆ, ಅದೂ ರಕ್ತನಾಳ ಕಟ್ಟಿದ್ದರಿಂದ ಅಥವಾ ಒಡೆದದ್ದರಿಂದ. ಕಾರಣ ಬೇರೆ, ಚಿಕಿತ್ಸೆ ಬೇರೆ. ಹಾಸಿಗೆಯ ಮೇಲಿನ ವರ್ಷಗಳು ಮಾತ್ರ ಎರಡರಲ್ಲೂ ಒಂದೇ ತೆರನಾಗಿ ಉದ್ದವಾಗಿರುತ್ತವೆ.

ಆ ಭಾಗದ ಒಂದು ಕುಟುಂಬದವರು ಮಠಕ್ಕೆ ಬಂದು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ. ಮನೆಯ ಹಿರಿಯ ಮಗನು ಅಡಿಕೆ ಮರದಿಂದ ಬಿದ್ದು ಎರಡು ವರ್ಷಗಳಾಗಿವೆ. “ಬುದ್ಧೀ, ಬೆಂಗಳೂರಿನಲ್ಲಿ ಇಂಥವರಿಗೆ ಹೊಸ ಚಿಕಿತ್ಸೆಯ ಪ್ರಯೋಗ ಮಾಡುತ್ತಾರಂತೆ. ಸೇರಿಸಬಹುದೋ ಬಾರದೋ, ತಮ್ಮ ಅಪ್ಪಣೆ ಆಗಬೇಕು” ಎಂದರು. ಕೇಳಿದವರು ತಂದೆ ಮತ್ತು ಚಿಕ್ಕಪ್ಪ. ಮಗನು ಏನೆನ್ನುತ್ತಾನೆಂದು ನಾವು ವಿಚಾರಿಸಿದೆವು. “ಅವನದೇನು ಬುದ್ಧೀ, ತಮ್ಮ ಮಾತು ಮೀರುವವನಲ್ಲ” ಎಂಬ ಉತ್ತರ ಬಂದಿತು. ಭಕ್ತಿಯಿಂದ ಬಂದ ಉತ್ತರವೇ ಅದು. ಆದರೂ ನಾವು ಅಪ್ಪಣೆ ಕೊಡಲಿಲ್ಲ; ಬೇಡವೆಂದೂ ಹೇಳಲಿಲ್ಲ. ಇಂತಹ ಸ್ಥಳದಲ್ಲಿ ಗುರುವು ಅಪ್ಪಣೆ ಕೊಡಲು ಅಧಿಕಾರಿಯೇ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಚಿಕಿತ್ಸೆಗೂ ಪ್ರಯೋಗಕ್ಕೂ ಇರುವ ಅಂತರವನ್ನು ಮೊದಲು ಮನಗಾಣಬೇಕು. ವೈದ್ಯನು ಅವನೇ, ಆಸ್ಪತ್ರೆಯೂ ಅದೇ, ಬಿಳಿಯ ನಿಲುವಂಗಿಯೂ ಅದೇ. ಆದರೆ ಚಿಕಿತ್ಸೆಯ ಗುರಿಯು ಎದುರಿಗೆ ಮಲಗಿರುವ ರೋಗಿಯ ಹಿತ; ಪ್ರಯೋಗದ ಗುರಿಯು ಜ್ಞಾನ. ಈ ಮದ್ದಿನಿಂದ ಗುಣವಾಗುತ್ತದೆಂದು ಮೊದಲೇ ತಿಳಿದಿದ್ದರೆ ಪ್ರಯೋಗದ ಅಗತ್ಯವೇ ಇರಲಿಲ್ಲ. ಮೊದಲ ಹಂತದಲ್ಲಿ ಕೆಲವೇ ಜನರ ಮೇಲೆ ಪರೀಕ್ಷಿಸಿ, ಮದ್ದು ಅಪಾಯಕಾರಿಯೋ ಅಲ್ಲವೋ ಎಂಬುದನ್ನು ಮಾತ್ರ ನೋಡುತ್ತಾರೆ. ಮುಂದಿನ ಹಂತಗಳಲ್ಲಿ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೊಸ ಮದ್ದನ್ನೂ ಇನ್ನೊಂದಕ್ಕೆ ರೂಢಿಯ ಚಿಕಿತ್ಸೆಯನ್ನೋ ಹುಸಿ ಮದ್ದನ್ನೋ ಕೊಟ್ಟು ಹೋಲಿಸುತ್ತಾರೆ. ಯಾರು ಯಾವ ಗುಂಪಿಗೆ ಎಂಬುದನ್ನು ನಿರ್ಧರಿಸುವುದು ವೈದ್ಯನ ದಯೆಯಲ್ಲ, ರೋಗಿಯ ಸಂಕಟವಲ್ಲ, ಶಿಫಾರಸು ಪತ್ರವೂ ಅಲ್ಲ. ಚೀಟಿ ಎತ್ತಿದಂತೆ ಅದು ನಡೆಯುತ್ತದೆ. ಅನೇಕ ವೇಳೆ ವೈದ್ಯನಿಗೂ ತಿಳಿದಿರುವುದಿಲ್ಲ.

ಇದೇನು ನಿಷ್ಕರುಣೆ ಎಂದು ಕೇಳುವವರುಂಟು. ಕಾರಣವಿದೆ. ಬೆನ್ನುಹುರಿಗೆ ಪೆಟ್ಟಾದ ಮೇಲೆ ಮೊದಲ ಮೂರು ತಿಂಗಳಲ್ಲಿ ಹೆಚ್ಚಾಗಿಯೂ, ಅನಂತರ ಒಂದೂವರೆ ವರ್ಷದವರೆಗೆ ಅಲ್ಪಸ್ವಲ್ಪವಾಗಿಯೂ, ಯಾವ ಹೊಸ ಮದ್ದಿಲ್ಲದೆಯೇ ಕೆಲವರಲ್ಲಿ ಶಕ್ತಿ ಮರಳುವುದುಂಟು. ಆ ಅವಧಿಯಲ್ಲಿ ಏನನ್ನು ಕೊಟ್ಟರೂ ಅದರಿಂದಲೇ ಗುಣವಾಯಿತೆಂದು ತೋರುತ್ತದೆ. ಭಸ್ಮ ಕೊಟ್ಟವನೂ ಗೆಲ್ಲುತ್ತಾನೆ, ಬೇರು ಕೊಟ್ಟವನೂ ಗೆಲ್ಲುತ್ತಾನೆ, ಸೂಜಿ ಚುಚ್ಚಿದವನೂ ಗೆಲ್ಲುತ್ತಾನೆ. ಅಮೆರಿಕದಲ್ಲಿ ಜಿಎಂ-1 ಎಂಬ ಔಷಧಿಯನ್ನು ಮೂವತ್ತು ಚಿಲ್ಲರೆ ರೋಗಿಗಳ ಮೇಲೆ ಪರೀಕ್ಷಿಸಿ, 1991ರಲ್ಲಿ ಬಹಳ ಆಶಾದಾಯಕವಾದ ಫಲಿತಾಂಶವನ್ನು ಪ್ರಕಟಿಸಿದರು. ಅದೇ ಔಷಧಿಯನ್ನು 750ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿದ ವರದಿ 2001ರಲ್ಲಿ ಹೊರಬಂದಾಗ, ಕೊನೆಯ ಎಣಿಕೆಯಲ್ಲಿ ಮದ್ದು ಪಡೆದವರಿಗೂ ಪಡೆಯದವರಿಗೂ ನಿರ್ಣಾಯಕವಾದ ಅಂತರ ಕಾಣಲಿಲ್ಲ. ಹೋಲಿಕೆಯ ಗುಂಪು ಇಲ್ಲದಿದ್ದರೆ ಆ ಮದ್ದಿನಿಂದಲೇ ಗುಣವಾಯಿತೆಂದು ಎಲ್ಲರೂ ನಂಬುತ್ತಿದ್ದರು. ಹೊಲ ಮಾರಿ ಕೊಳ್ಳುವವರೂ ಇರುತ್ತಿದ್ದರು.

ನಮ್ಮ ದೇಶದಲ್ಲಿಯೂ ಗಂಭೀರವಾದ ಪ್ರಯೋಗಗಳು ನಡೆದಿವೆ. ದೆಹಲಿಯ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಎಂಬ ಸಂಸ್ಥೆಯನ್ನು ಕಟ್ಟಿದವರು ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ ಅವರು. 1965ರ ಮೇ ತಿಂಗಳಲ್ಲಿ ಎವರೆಸ್ಟ್ ಶಿಖರವನ್ನು ಏರಿ, ಅದೇ ವರ್ಷದ ಯುದ್ಧದಲ್ಲಿ ಗುಂಡು ತಗುಲಿ ಗಾಲಿಕುರ್ಚಿಯನ್ನು ಸೇರಿದ ವೀರರು ಅವರು. ಅಲ್ಲಿನ ವೈದ್ಯರು ಮೂಗಿನ ಒಳಪೊರೆಯ ಅಂಗಾಂಶವನ್ನು ಬೆನ್ನುಹುರಿಗೆ ಕಸಿ ಮಾಡುವ ವಿಧಾನವನ್ನು ಐದು ಜನರಲ್ಲಿ ಪರೀಕ್ಷಿಸಿ, 2009ರಲ್ಲಿ ವರದಿ ಪ್ರಕಟಿಸಿದರು. ವಿಧಾನವು ತಕ್ಕಮಟ್ಟಿಗೆ ಸುರಕ್ಷಿತ, ಆದರೆ ಅದರಿಂದ ಗುಣವಾಯಿತೆಂದು ಹೇಳಲು ಆಧಾರವಿಲ್ಲ ಎಂಬುದು ಅದರ ಸಾರ. ಪಾರ್ಶ್ವವಾಯು ಪೀಡಿತರಿಗೆ ಅವರದೇ ಅಸ್ಥಿಮಜ್ಜೆಯ ಸ್ಟೆಮ್ ಸೆಲ್‌ಗಳನ್ನು, ಎಂದರೆ ಆಕರ ಕೋಶಗಳನ್ನು, ರಕ್ತನಾಳದ ಮೂಲಕ ಕೊಟ್ಟು ನೋಡಿದ ಪ್ರಯೋಗವೊಂದು ಭಾರತದ 5 ಕೇಂದ್ರಗಳಲ್ಲಿ 120 ಜನರ ಮೇಲೆ ನಡೆಯಿತು. 2014ರಲ್ಲಿ ಹೊರಬಂದ ಅದರ ಫಲಿತಾಂಶವೂ ಹಾಗೆಯೇ: ಅಪಾಯವಿಲ್ಲ, ಪ್ರಯೋಜನವೂ ಕಾಣಲಿಲ್ಲ. ಮನೆಯವರಿಗೇ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದರೆ ಏನಾಗುತ್ತದೆಂದು 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ನಡೆಸಿದ ‘ಅಟೆಂಡ್’ ಎಂಬ ಪ್ರಯೋಗದ ವರದಿ 2017ರಲ್ಲಿ ಬಂದಿತು. ಆರು ತಿಂಗಳ ತರುವಾಯ ತೀರಿಹೋದವರು ಅಥವಾ ಪರಾಧೀನರಾಗಿ ಉಳಿದವರು ಎರಡು ಗುಂಪುಗಳಲ್ಲಿಯೂ ನೂರಕ್ಕೆ 47. ಇದನ್ನು ಓದಿ, ಮನೆಯವರ ಆರೈಕೆ ವ್ಯರ್ಥವೆಂದು ಯಾರೂ ತಿಳಿಯಬಾರದು. ರೂಢಿಯ ಆರೈಕೆಗೆ ಆ ವಿಶೇಷ ತರಬೇತಿಯನ್ನು ಸೇರಿಸಿದ್ದರಿಂದ ಹೆಚ್ಚಿನ ಫಲ ಬರಲಿಲ್ಲವೆಂಬುದಷ್ಟೇ ಅದರ ಅರ್ಥ.

ಹಾಗೆಂದು ಎಲ್ಲವೂ ನಿರಾಶೆಯ ಕಥೆಯೆಂದರೆ ಅದೂ ಅಸತ್ಯವಾದೀತು. ಕುತ್ತಿಗೆಯ ಪೆಟ್ಟಿನಿಂದ ಕೈಗಳ ಬಲವನ್ನು ಕಳೆದುಕೊಂಡ 60 ಜನರಿಗೆ, ಶಸ್ತ್ರಚಿಕಿತ್ಸೆಯಿಲ್ಲದೆ ಚರ್ಮದ ಮೇಲಿನಿಂದಲೇ ವಿದ್ಯುತ್ ಪ್ರಚೋದನೆ ಕೊಟ್ಟು ವ್ಯಾಯಾಮ ಮಾಡಿಸಿದ ಪ್ರಯೋಗವೊಂದರ ವರದಿ 2024ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 72 ಜನರಿಗೆ ಕೈಯ ಬಲವೂ ಬಳಕೆಯೂ ಸುಧಾರಿಸಿದವು. ಪಕ್ಕದಲ್ಲಿಟ್ಟು ನೋಡಲು ಅಲ್ಲಿ ಬೇರೆ ಗುಂಪು ಇರಲಿಲ್ಲವೆಂಬುದು ಅದರ ಮಿತಿ. ಆದರೂ ಲೋಟವನ್ನು ತಾನೇ ಎತ್ತಿ ನೀರು ಕುಡಿಯುವುದು ಎಷ್ಟು ದೊಡ್ಡ ಸಂಗತಿಯೆಂಬುದನ್ನು ಕೈ ಹೋದವನೇ ಬಲ್ಲ.

ಇಷ್ಟನ್ನು ತಿಳಿದ ಮೇಲೆ ನಮ್ಮ ಪ್ರಶ್ನೆಯು ತನ್ನ ನಿಜವಾದ ರೂಪದಲ್ಲಿ ಎದುರಿಗೆ ನಿಲ್ಲುತ್ತದೆ. ತನಗೆ ಗುಣವಾಗುವ ಭರವಸೆ ಇಲ್ಲ; ಹುಸಿ ಮದ್ದಿನ ಗುಂಪಿಗೇ ಬೀಳಬಹುದು; ಬರುವ ಜ್ಞಾನವು ಮುಂದೆ ಯಾರಿಗೋ ಉಪಯೋಗವಾದೀತು. ಹಾಗಿದ್ದಮೇಲೆ ಪ್ರಯೋಗಕ್ಕೆ ಸೇರುವವನು ಮಾಡುತ್ತಿರುವುದೇನು? ಅವನು ಕೊಳ್ಳುತ್ತಿಲ್ಲ, ಕೊಡುತ್ತಿದ್ದಾನೆ. ಇದಕ್ಕೆ ನಮ್ಮ ಪರಂಪರೆಯಲ್ಲಿ ಸಿದ್ಧವಾದ ಪದವೊಂದಿದೆ, ದಾಸೋಹ. ಅನ್ನದ ಸಾಲಿಗೆ ಮಾತ್ರ ಆ ಪದವನ್ನು ಕಟ್ಟಿಹಾಕಿ ನಾವು ಅದನ್ನು ಬಡವಾಗಿಸಿದ್ದೇವೆ. ತನ್ನದೆಂಬುದನ್ನು, ಪ್ರತಿಫಲದ ಎಣಿಕೆಯಿಲ್ಲದೆ, ಕೊಡುತ್ತೇನೆಂಬ ಅಹಂಕಾರವೂ ಇಲ್ಲದೆ, ಸಮಾಜವೆಂಬ ಜಂಗಮಕ್ಕೆ ಸಲ್ಲಿಸುವುದೇ ದಾಸೋಹವಾದರೆ, ಕದಲಲಾರದ ದೇಹವನ್ನು ಜ್ಞಾನಕ್ಕಾಗಿ ಒಡ್ಡುವುದು ಅದರ ಅತಿ ಕಠಿಣವಾದ ರೂಪ.

ನಮ್ಮ ಹಳ್ಳಿಗಳಲ್ಲಿ ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಮೊಣಕಾಲಿನ ಮೇಲೆ ಕೈಯೂರಿ ನಡೆಯುತ್ತಿದ್ದ ಪೋಲಿಯೋ ಮಕ್ಕಳನ್ನು ಹಿರಿಯರೆಲ್ಲ ನೋಡಿದ್ದಾರೆ. ಇಂದಿನ ಶಾಲೆಗಳಲ್ಲಿ ಅಂತಹ ಮಕ್ಕಳು ಕಾಣುವುದಿಲ್ಲ. ಭಾರತದಲ್ಲಿ ಕಾಡು ಪೋಲಿಯೋ ವೈರಾಣುವಿನ ಕೊನೆಯ ಪ್ರಕರಣವು 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು; 2014ರ ಮಾರ್ಚ್ 27ರಂದು ಈ ದೇಶವಿದ್ದ ವಲಯವನ್ನು ಪೋಲಿಯೋ ಮುಕ್ತವೆಂದು ಸಾರಲಾಯಿತು. ಈ ದಾರಿಯ ಆರಂಭದಲ್ಲಿ ಒಂದು ಪ್ರಯೋಗವಿದೆ. 1954ರಲ್ಲಿ ಅಮೆರಿಕದ ಡಾ. ಜೋನಾಸ್ ಸಾಲ್ಕ್ ಅವರ ಲಸಿಕೆಯ ಪರೀಕ್ಷೆಯಲ್ಲಿ ಸುಮಾರು 18 ಲಕ್ಷ ಮಕ್ಕಳು ಪಾಲುಗೊಂಡರು. ಅವರಲ್ಲಿ ಸುಮಾರು ಎರಡು ಲಕ್ಷ ಮಕ್ಕಳು ತೋಳಿಗೆ ಹಾಕಿಸಿಕೊಂಡದ್ದು ಲಸಿಕೆಯಲ್ಲ, ಹುಸಿ ಮದ್ದು. ಸೂಜಿಯ ನೋವು ಅವರದು, ಲಾಭ ಲೋಕದ್ದು. ಉಬ್ರಾಣಿಯ ಅಂಗಳದಲ್ಲಿ ಇಂದು ಓಡಾಡುವ ಮಗುವಿನ ಕಾಲು, ಎಪ್ಪತ್ತು ವರ್ಷಗಳ ಹಿಂದಿನ ಆ ಅಜ್ಞಾತ ಮಕ್ಕಳಿಗೆ ಋಣಿಯಾಗಿದೆ. ಪ್ರಯೋಗವೆಂದೊಡನೆ ‘ನಮ್ಮ ಮಗನೇನು ಇಲಿಯೇ?’ ಎಂದು ಸಿಡಿಮಿಡಿಗೊಳ್ಳುವವರು ಈ ಋಣವನ್ನು ನೆನೆಯಬೇಕು.

ಆದರೆ ಇಲ್ಲಿಯೇ ಎಚ್ಚರ ಬೇಕು. ದಾಸೋಹವೆಂಬ ಮಹತ್ತಾದ ಪದವನ್ನು ಬಡವನ ಮನೆಯ ಬಾಗಿಲಿಗೆ ಕೊಂಡೊಯ್ದು, ‘ಕೊಡು’ ಎಂದು ಒತ್ತಾಯಿಸುವುದು ಸುಲಭ. ಕೇಳಿ ಪಡೆದದ್ದು ಭಿಕ್ಷೆಯಾದೀತು, ಕಾಡಿ ಪಡೆದದ್ದು ಸುಲಿಗೆಯಾದೀತು, ಎರಡೂ ದಾಸೋಹವಲ್ಲ. ಹಾನ್ಸ್ ಯೋನಾಸ್ ಎಂಬ ತತ್ತ್ವಜ್ಞಾನಿಯು 1969ರಲ್ಲಿ ಮಾನವ ಪ್ರಯೋಗಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ವಿಚಾರಾರ್ಹವಾದ ಒಂದು ಕ್ರಮವನ್ನು ಸೂಚಿಸಿದ್ದಾನೆ. ಪ್ರಯೋಗಕ್ಕೆ ಮೊದಲು ಮುಂದೆ ಬರಬೇಕಾದವರು ಅದರ ಗುರಿಯನ್ನು ಬಲ್ಲವರು, ಅದನ್ನು ತಮ್ಮದೆಂದು ಭಾವಿಸಬಲ್ಲವರು, ಎಂದರೆ ಸಂಶೋಧಕರೇ. ಏನೂ ತಿಳಿಯದವರು, ಬೇರೆ ದಾರಿಯಿಲ್ಲದವರು, ಸುಲಭವಾಗಿ ಸಿಕ್ಕುವವರು ಕೊನೆಯವರು. ಲೋಕದಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ವಿಪರ್ಯಾಸ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬಾರದೆಂದು ಇಮ್ಯಾನುಯೆಲ್ ಕಾಂಟ್ 1785ರಷ್ಟು ಹಿಂದೆಯೇ ವಾದಿಸಿದ್ದನು. ಅದು ಎಷ್ಟು ಅಗತ್ಯವಾದ ಮಾತೆಂಬುದು ಯೂರೋಪಿಗೆ ತಿಳಿಯಲು ಹಿಟ್ಲರನ ಶಿಬಿರಗಳ ವೈದ್ಯರ ವಿಚಾರಣೆ ನಡೆಯಬೇಕಾಯಿತು. 1947ರ ನ್ಯೂರೆಂಬರ್ಗ್ ತೀರ್ಪಿನಲ್ಲಿ ಹತ್ತು ನಿಯಮಗಳನ್ನು ಬರೆದಿಟ್ಟರು. ಅವುಗಳಲ್ಲಿ ಮೊದಲನೆಯದೇ ಸ್ವಯಂ ಒಪ್ಪಿಗೆ.

ಒಪ್ಪಿಗೆಯ ತೂಕವು ಪಾರ್ಶ್ವವಾಯು ಪೀಡಿತನ ವಿಷಯದಲ್ಲಿ ಏಕೆ ಇಮ್ಮಡಿಯಾಗುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕಾಗಿದೆ. ಶರೀರವನ್ನು ಶಿವಾಲಯವನ್ನಾಗಿ ಕಂಡು, ಕಾಲುಗಳನ್ನು ಅದರ ಕಂಬಗಳಾಗಿ ಭಾವಿಸಿದ ಬಸವಣ್ಣನವರ ದೃಷ್ಟಿಯನ್ನು ನಾವೆಲ್ಲ ಬಲ್ಲೆವು. ಕಂಬಗಳು ಕುಸಿದವನು ಆ ವಚನವನ್ನು ಕೇಳಿದಾಗ ಅವನಿಗೆ ಏನನಿಸೀತು? ತನ್ನ ಆಲಯವು ಪಾಳುಬಿದ್ದಿತೆಂದೇ? ಕದಲದ್ದು ಸ್ಥಾವರ, ಚಲಿಸುವುದು ಜಂಗಮ ಎಂದು ಬಾಯಿಪಾಠ ಒಪ್ಪಿಸುವವರು, ಹಾಸಿಗೆ ಹಿಡಿದವನನ್ನು ಸ್ಥಾವರದ ಪಟ್ಟಿಗೆ ಸೇರಿಸಿಬಿಡುತ್ತಾರೆ. ಇದು ತಿಳಿಗೇಡಿತನ. ಶರಣರು ಹೇಳಿದ ಜಂಗಮವು ಕಾಲಿನ ಚಲನೆಯಲ್ಲ, ಅರಿವಿನ ಚಲನೆ. ರಥಬೀದಿಯಲ್ಲಿ ದಿನವಿಡೀ ತಿರುಗುವವನು ಸ್ಥಾವರನಾಗಿರಬಹುದು. ಕತ್ತಿನಿಂದ ಕೆಳಗೆ ಏನೂ ಕದಲದವನು ಜಂಗಮನಾಗಿರಬಹುದು. ಅಂಥವನಲ್ಲಿ ಇನ್ನೂ ಚಲಿಸುತ್ತಿರುವುದು ಯಾವುದು? ‘ಬೇಕು’, ‘ಬೇಡ’ ಎನ್ನುವ ಸಂಕಲ್ಪ. ಎಬ್ಬಿಸುವುದು, ಕೂರಿಸುವುದು, ಉಣ್ಣಿಸುವುದು, ತೊಳೆಯುವುದು ಎಲ್ಲವೂ ಪರರ ಕೈಗೆ ಹೋದ ಮೇಲೆ ಅವನ ಸ್ವಾಧೀನದಲ್ಲಿ ಉಳಿದಿರುವುದು ಅದೊಂದೇ. ಮನೆಯವರು ಪ್ರೀತಿಯಿಂದಲೇ ಆಗಲಿ, ಗುರುಗಳು ಕರುಣೆಯಿಂದಲೇ ಆಗಲಿ, ಅವನ ಪರವಾಗಿ ಬೇಕು ಬೇಡಗಳನ್ನು ನುಡಿದುಬಿಟ್ಟರೆ, ಮರದಿಂದ ಬಿದ್ದಾಗ ಉಳಿದುಕೊಂಡಿದ್ದ ಭಾಗಕ್ಕೂ ಲಕ್ವ ಹೊಡೆಸಿದಂತಾಯಿತು. ನಾವು ಅಪ್ಪಣೆ ಕೊಡದಿರಲು ಕಾರಣವಿದೇ. ಗುರುವು ಶಿಷ್ಯನ ಅರಿವನ್ನು ಎಚ್ಚರಿಸಬಹುದು. ಅರಿವಿನ ಸ್ಥಾನದಲ್ಲಿ ತಾನೇ ಕುಳಿತುಕೊಳ್ಳಬಾರದು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ದೋಷವು ಇನ್ನೂ ಹೆಚ್ಚು. ಸೊಸೆಯು ಹಾಸಿಗೆ ಹಿಡಿದಿದ್ದರೆ ತವರಿನವರು ಒಂದು ಹೇಳುತ್ತಾರೆ, ಗಂಡನ ಮನೆಯವರು ಇನ್ನೊಂದು ಹೇಳುತ್ತಾರೆ. ಅವಳನ್ನು ಕೇಳಿದವರು ಯಾರು? ಪಾರ್ಶ್ವವಾಯುವಿನಿಂದ ಮಾತು ನಿಂತವರ ಸ್ಥಿತಿಯೂ ಹಾಗೆಯೇ. ಬಾಯಿ ಹೋದೊಡನೆ ಬುದ್ಧಿಯೂ ಹೋಯಿತೆಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿದೆ. ಮಾತನ್ನು ಆಡಿಸುವ ಮೆದುಳಿನ ಭಾಗ ಬೇರೆ, ತಿಳಿಯುವ ಭಾಗಗಳು ಬೇರೆ. ನಿಧಾನವಾಗಿ, ಒಂದೊಂದೇ ಪ್ರಶ್ನೆಯಾಗಿ ಕೇಳಿದರೆ, ಕಣ್ಣಿನಿಂದಲೋ ಕೈಸನ್ನೆಯಿಂದಲೋ ಉತ್ತರಿಸಬಲ್ಲವರು ಬಹಳ ಮಂದಿ. ನಿಜವಾಗಿಯೂ ತಿಳಿವಳಿಕೆ ಇಲ್ಲದವರ ಪರವಾಗಿ ಕಾನೂನುಬದ್ಧ ಪ್ರತಿನಿಧಿಯು ಸಹಿ ಮಾಡಲು ಅವಕಾಶವಿದೆ. ಆದರೆ ಅದು ಕೊನೆಯ ದಾರಿ.

ಈಗ ವ್ಯವಹಾರದ ಮಾತು. ಪ್ರಯೋಗ ಎಲ್ಲಿ ನಡೆಯುತ್ತಿದೆಯೆಂದು ಹುಡುಕುವುದು ಹೇಗೆ? ಬಸ್ ನಿಲ್ದಾಣದಲ್ಲಿ ಸಿಕ್ಕಿದ ಕರಪತ್ರದಿಂದಲ್ಲ, ನೆಂಟರ ಮೊಬೈಲಿಗೆ ಬಂದ ಚಿತ್ರದಿಂದಲೂ ಅಲ್ಲ. ಭಾರತದಲ್ಲಿ ನಡೆಯುವ ಪ್ರಯೋಗಗಳನ್ನು ದಾಖಲಿಸುವ ಸರ್ಕಾರಿ ನೋಂದಣಿ ಪುಸ್ತಕವೊಂದಿದೆ. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ – ಇಂಡಿಯಾ, ಸಂಕ್ಷೇಪವಾಗಿ ಸಿಟಿಆರ್‌ಐ, ಎಂಬ ಇದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2007ರ ಜುಲೈ 20ರಂದು ಆರಂಭಿಸಿತು. 2009ರ ಜೂನ್ ತಿಂಗಳಿನಿಂದ ಔಷಧ ಪ್ರಯೋಗಗಳ ನೋಂದಣಿ ಕಡ್ಡಾಯವಾಯಿತು. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಾಯಿಸಬೇಕೆಂದಾಯಿತು. ಅಂತರಜಾಲದಲ್ಲಿ ಯಾರು ಬೇಕಾದರೂ ಹಣವಿಲ್ಲದೆ ನೋಡಬಹುದು. ಪ್ರಯೋಗದ ಉದ್ದೇಶ, ನಡೆಯುವ ಊರು, ಹಣ ಕೊಡುವವರು, ಯಾರನ್ನು ಸೇರಿಸಿಕೊಳ್ಳುತ್ತಾರೆ, ಯಾರನ್ನು ಇಲ್ಲ, ಈಗ ಸೇರಿಸಿಕೊಳ್ಳುತ್ತಿದ್ದಾರೆಯೋ ಮುಗಿದಿದೆಯೋ, ಯಾರನ್ನು ವಿಚಾರಿಸಬೇಕು, ಇಷ್ಟೂ ಅಲ್ಲಿರುತ್ತದೆ. ಎಲ್ಲವೂ ಇಂಗ್ಲಿಷಿನಲ್ಲಿರುವುದೇ ತೊಡಕು. ನಮ್ಮ ವಿದ್ಯಾಸಂಸ್ಥೆಗಳಲ್ಲಿ ಓದಿ, ಇಂದು ಅಧ್ಯಾಪಕರೂ ಇಂಜಿನಿಯರರೂ ಆಗಿರುವ ಹಳೆಯ ವಿದ್ಯಾರ್ಥಿಗಳು ಪ್ರತಿ ಹೋಬಳಿಯಲ್ಲಿಯೂ ಇದ್ದಾರೆ. ಊರಿಗೆ ಬಂದಾಗ ಅಂತಹ ಮನೆಯೊಂದಕ್ಕೆ ಹೋಗಿ, ಒಂದು ಗಂಟೆ ಕುಳಿತು, ಆ ಪುಟಗಳನ್ನು ಕನ್ನಡದಲ್ಲಿ ಓದಿ ಹೇಳಿದರೆ ಮಠಕ್ಕೆ ಕಾಣಿಕೆ ಸಲ್ಲಿಸಿದ್ದಕ್ಕಿಂತ ಹೆಚ್ಚು ಸಂತೋಷ ನಮಗಾಗುತ್ತದೆ. ಒಂದು ಎಚ್ಚರಿಕೆ: ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಪ್ರಯೋಗವು ಶ್ರೇಷ್ಠವೆಂದು ಸರ್ಕಾರ ಮುದ್ರೆ ಒತ್ತಿದಂತಲ್ಲ. ನೋಂದಣಿ ಇಲ್ಲದಿದ್ದರೆ ಮಾತ್ರ ಅಲ್ಲಿಂದ ಎದ್ದು ಬರಲು ಅಷ್ಟೇ ಸಾಕು.

ಹಣದ ವಿಷಯದಲ್ಲಿ ಸಂಕೋಚವಿಲ್ಲದೆ ಹೇಳಬೇಕು. ಕೊಡುವವನಿಂದಲೇ ಹಣ ಕೇಳುವ ದಾಸೋಹವನ್ನು ಯಾರಾದರೂ ಕಂಡಿದ್ದಾರೆಯೆ? ಸ್ಟೆಮ್ ಸೆಲ್ ಚಿಕಿತ್ಸೆಯೆಂದು ಹೇಳಿ ಲಕ್ಷಗಟ್ಟಲೆ ಹಣ ಪಡೆಯುವವರ ಬಲೆಗೆ ಬಿದ್ದು, ತೋಟದ ಮೇಲೆ ಸಾಲ ತೆಗೆದ ಭಕ್ತರನ್ನು ನಾವು ಬಲ್ಲೆವು. 2017ರ ರಾಷ್ಟ್ರೀಯ ಮಾರ್ಗಸೂಚಿಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಕೆಲವು ರಕ್ತಸಂಬಂಧಿ ರೋಗಗಳಂತಹ ಒಪ್ಪಿತವಾದ ಸಂದರ್ಭಗಳನ್ನು ಬಿಟ್ಟರೆ, ಆಕರ ಕೋಶಗಳನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಬಳಸಬೇಕು. ಅದಕ್ಕಾಗಿ ರೋಗಿಯಿಂದ ಹಣ ತೆಗೆದುಕೊಳ್ಳಬಾರದು. ಪ್ರಯೋಗಕ್ಕೆ ಬಂದುಹೋಗುವ ಖರ್ಚನ್ನೂ ಕಳೆದುಕೊಂಡ ಕೂಲಿಯನ್ನೂ ತುಂಬಿಕೊಡಲು ಅವಕಾಶವುಂಟು. ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೆ, ಮಲಗಿದವನನ್ನು ಬಾಡಿಗೆ ವಾಹನದಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು, ಮೇಲಿಂದ ಮೇಲೆ ಹೋಗಬೇಕಾದೀತು. ಆದುದರಿಂದ ಇದನ್ನು ಕೇಳುವುದು ಅಲ್ಪತನವಲ್ಲ.

ಸೇರಬಯಸುವವನು ಇನ್ನೊಂದನ್ನು ತಿಳಿದಿರಬೇಕು. ಪೆಟ್ಟಾಗಿ ಎಷ್ಟು ಕಾಲವಾಯಿತು, ಯಾವ ಮಟ್ಟದಲ್ಲಿ ಆಯಿತು, ಕೆಳಗೆ ಸ್ಪರ್ಶವೇನಾದರೂ ಉಳಿದಿದೆಯೇ ಎಂಬುದನ್ನು ನೋಡಿ ಆರಿಸುತ್ತಾರೆ. ಕೆಲವು ಪ್ರಯೋಗಗಳು ಪೆಟ್ಟಾದ ಕೆಲವೇ ದಿನಗಳವರನ್ನು, ಕೆಲವು ವರ್ಷ ಕಳೆದವರನ್ನು ಮಾತ್ರ ತೆಗೆದುಕೊಳ್ಳುತ್ತವೆ. ಎಲ್ಲಿಯೋ ಒಮ್ಮೆ ಕೋಶಗಳನ್ನು ಚುಚ್ಚಿಸಿಕೊಂಡವನನ್ನು ಮುಂದಿನ ಉತ್ತಮ ಪ್ರಯೋಗಗಳು ಹೊರಗಿಡುವುದುಂಟು. ಅವಸರದ ಬೆಲೆ ಇದು. ಹಾಸಿಗ ಹುಣ್ಣು, ಮೂತ್ರದ ಸೋಂಕು ಇದ್ದವರನ್ನೂ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಆದಕಾರಣ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ತಾಯಿಯ ಕೈ, ಆಸ್ಪತ್ರೆಯ ಚೀಟಿಗಳನ್ನೂ ಎಂಆರ್‌ಐ ಫಿಲಂಗಳನ್ನೂ ಒದ್ದೆಯಾಗದಂತೆ ಕಾಪಾಡುವ ತಂಗಿಯ ಶ್ರದ್ಧೆ, ಇವೂ ಈ ಕಾರ್ಯದ ಅಂಗಗಳೇ. ಪ್ರಯೋಗ ಸಿಕ್ಕಲಿ ಸಿಕ್ಕದಿರಲಿ, ಪುನರ್ವಸತಿಯನ್ನು ಕೈಬಿಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪುನರ್ವಸತಿ ವಿಭಾಗವಿದೆ, 1959ರಲ್ಲಿ ಎನ್.ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಅಂಗವಿಕಲರ ಸಂಸ್ಥೆ ಎಪಿಡಿ ಇದೆ. 1954ರಲ್ಲಿ ಅಪಘಾತಕ್ಕೆ ಸಿಕ್ಕಿ ಕಾಲುಗಳನ್ನು ಕಳೆದುಕೊಂಡ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರು ಗಾಲಿಕುರ್ಚಿಯಲ್ಲಿಯೇ ಕುಳಿತು ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರವು ಆರಂಭವಾದುದು ಅವರ ಶ್ರಮದಿಂದ. ಆಕೆಗೆ ಕಾಲು ಮರಳಿ ಬರಲಿಲ್ಲ, ಕಾಯಕ ನಿಲ್ಲಲಿಲ್ಲ.

2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು ಸೇರುವವನಿಗೆ ಕೆಲವು ಹಕ್ಕುಗಳನ್ನು ಕೊಟ್ಟಿವೆ. ವಿವರಗಳು ಅವನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದವನಾದರೆ, ಪ್ರಯೋಗಕ್ಕೆ ಸಂಬಂಧಿಸದ ಸಾಕ್ಷಿಯೊಬ್ಬನು ಪೂರ್ತಿ ಎದುರಿಗಿರಬೇಕು. ಒಪ್ಪಿಗೆ ಪತ್ರದ ಪ್ರತಿಯೊಂದನ್ನು ಅವನಿಗೆ ಕೊಡಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ದೊರೆಯಬೇಕು. ಯಾವ ದಿನ ಬೇಕಾದರೂ, ಕಾರಣ ಹೇಳದೆ, ಬಿಟ್ಟು ಬರಬಹುದು; ಬಿಟ್ಟು ಬಂದನೆಂದು ಅವನ ರೂಢಿಯ ಚಿಕಿತ್ಸೆಯನ್ನು ನಿಲ್ಲಿಸಬಾರದು. ‘ಒಮ್ಮೆ ಸಹಿ ಹಾಕಿದ ಮೇಲೆ ಮಾತಿಗೆ ತಪ್ಪಬಾರದು’ ಎಂಬ ನಮ್ಮ ಜನರ ಪ್ರಾಮಾಣಿಕತೆ ಎಲ್ಲ ಕಡೆಯೂ ಶ್ಲಾಘ್ಯವಾದುದು. ಇಲ್ಲಿ ಮಾತ್ರ ಅದು ಅನ್ವಯಿಸುವುದಿಲ್ಲ. ಪ್ರತಿದಿನವೂ ಹೊಸದಾಗಿ ಕೊಡುವುದೇ ಒಪ್ಪಿಗೆ.

ಇದೇ ನಿಯಮಗಳ ಪ್ರಕಾರ ಪ್ರಯೋಗವನ್ನು ಪರಿಶೀಲಿಸುವ ನೀತಿ ಸಮಿತಿಯಲ್ಲಿ ಕನಿಷ್ಠ ಏಳು ಜನರಿರಬೇಕು; ಅರ್ಧದಷ್ಟಾದರೂ ಆ ಸಂಸ್ಥೆಗೆ ಸೇರದವರಾಗಿರಬೇಕು; ಅವರಲ್ಲಿ ಒಬ್ಬ ಸಾಮಾನ್ಯ ನಾಗರಿಕ, ಒಬ್ಬ ಮಹಿಳೆ, ಒಬ್ಬ ಕಾನೂನು ಬಲ್ಲವರು ಇರಬೇಕು. ಸಮಾಜ ವಿಜ್ಞಾನಿ, ತತ್ತ್ವಜ್ಞಾನಿ ಅಥವಾ ಧರ್ಮಶಾಸ್ತ್ರ ಬಲ್ಲವರಿಗೂ ಅಲ್ಲಿ ಒಂದು ಸ್ಥಾನವನ್ನು ಹೇಳಲಾಗಿದೆ. ಕಾವಿ ಉಟ್ಟವರು ಅಡ್ಡಪಲ್ಲಕ್ಕಿಯಲ್ಲಿ ಕುಳಿತುಕೊಳ್ಳುವುದಕ್ಕಿಂತ ಆ ಕುರ್ಚಿಯಲ್ಲಿ ಕುಳಿತು, ‘ಈ ಒಪ್ಪಿಗೆ ಪತ್ರ ಉಬ್ರಾಣಿಯ ಕೂಲಿಕಾರನಿಗೆ ಅರ್ಥವಾಗುತ್ತದೆಯೇ?’ ಎಂದು ಕೇಳುವುದು ಮೇಲೆಂದು ನಮಗೆ ಅನೇಕ ಸಲ ತೋರಿದೆ. ಅಲ್ಲಿ ಬರುವ ಕನ್ನಡವು ಬಹುಪಾಲು ಯಾರಿಗೂ ತಿಳಿಯದ ಕನ್ನಡ.

ಇನ್ನು ಕೊಟ್ಟ ಮೇಲಿನ ಲೆಕ್ಕ. ಅಡಿಕೆ ತೋಟವನ್ನು ಚೇಣಿಗೆ ಹಿಡಿದವನು ಫಸಲು ಮುಗಿದ ಮೇಲೆ ತೋಟದವನ ಜಗಲಿಯ ಮೇಲೆ ಕುಳಿತು ಲೆಕ್ಕ ಒಪ್ಪಿಸುತ್ತಾನೆ. ಮನುಷ್ಯನ ದೇಹದಿಂದ ಜ್ಞಾನವೆಂಬ ಫಸಲನ್ನು ತೆಗೆದುಕೊಂಡು ಹೋದವರಲ್ಲಿ ಎಷ್ಟು ಜನ ಹಿಂದಿರುಗಿ ಬಂದು, ‘ನಿಮ್ಮಿಂದ ನಮಗೆ ತಿಳಿದದ್ದು ಇದು’ ಎನ್ನುತ್ತಾರೆ? 1964ರಲ್ಲಿ ಜಗತ್ತಿನ ವೈದ್ಯರ ಸಂಘವು ಹೊರಡಿಸಿ, ಅನಂತರ ಹಲವು ಸಲ ತಿದ್ದಿದ ಹೆಲ್ಸಿಂಕಿ ಘೋಷಣೆಯಲ್ಲಿ, ಪಾಲುಗೊಂಡವರು ಬಯಸಿದರೆ ಅವರಿಗೆ ಫಲಿತಾಂಶವನ್ನು ತಿಳಿಸಬೇಕೆಂಬ ಮಾತು ಸೇರಿದೆ. ಆ ಮಾತನ್ನು ಹಿಡಿದು ಕೇಳುವವರು ನಮ್ಮಲ್ಲಿ ಇನ್ನೂ ಹುಟ್ಟಿಕೊಂಡಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಅಥವಾ ಹೆಬ್ಬೆಟ್ಟು ಒತ್ತುವ ದಿನವೇ, ಪ್ರಯೋಗ ಮುಗಿದ ಮೇಲೆ ಅದರ ಫಲಿತಾಂಶವನ್ನು, ಅದು ವಿಫಲವಾಗಿದ್ದರೂ ಸರಿಯೇ, ಕನ್ನಡದಲ್ಲಿ ನಮ್ಮ ಮನೆಯ ವಿಳಾಸಕ್ಕೆ ಬರೆದು ತಿಳಿಸುವಿರಾ ಎಂದು ಕೇಳಬೇಕು. ಅವರು ಕೊಡುವ ಉತ್ತರವನ್ನು ಅದೇ ಕಾಗದದ ಮೇಲೆ, ಅವರದೇ ಕೈಯಿಂದ ಬರೆಸಿಕೊಳ್ಳಬೇಕು.